ವಿದೇಶದ ವಿಶ್ವವಿದ್ಯಾಲಯಕ್ಕೆ ಐಇಎಲ್‌ಟಿಎಸ್ ಅಕಾಡೆಮಿಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಕನ್ನಡ ಆಡಿಕೊಂಡು ಬೆಳೆದು, ಈಗ ಹೊರದೇಶದಲ್ಲಿ ಓದಲು ಹೊರಟವರಿಗಾಗಿ ಈ ಪುಟ. ಐಇಎಲ್‌ಟಿಎಸ್ ಎಂದರೆ ಇಂಗ್ಲಿಷ್ ಮಟ್ಟ ಅಳೆಯುವ ಪರೀಕ್ಷೆ: ಲಿಸನಿಂಗ್ (ಕೇಳುವುದು), ರೀಡಿಂಗ್ (ಓದುವುದು), ರೈಟಿಂಗ್ (ಬರೆಯುವುದು), ಸ್ಪೀಕಿಂಗ್ (ಮಾತಾಡುವುದು) ಎಂಬ ನಾಲ್ಕು ವಿಭಾಗ; ಅಂಕವನ್ನು 9ರವರೆಗಿನ ‘ಬ್ಯಾಂಡ್’ ಅಳತೆಯಲ್ಲಿ ಕೊಡುತ್ತಾರೆ. ಬೇಕಾದ ಅಂಕ ಅರ್ಧ ಬ್ಯಾಂಡಿನಲ್ಲಿ ತಪ್ಪಿದಾಗ ‘ನನಗೆ ಇಂಗ್ಲಿಷೇ ಬರುವುದಿಲ್ಲ’ ಎಂದು ಕೈಚೆಲ್ಲುವವರಿದ್ದಾರೆ. ಆ ಅರ್ಧ ಬ್ಯಾಂಡು ಸಾಮಾನ್ಯವಾಗಿ ಹೋಗುವುದು ಎರಡು ಕಡೆ: ಪರೀಕ್ಷೆಯ ನಿಯಮವನ್ನು ಸರಿಯಾಗಿ ಓದದಿರುವುದು, ಮತ್ತು ಕನ್ನಡದ ವಾಕ್ಯವನ್ನು ಹಾಗೇ ಇಂಗ್ಲಿಷಿಗೆ ಇಳಿಸುವುದು. ಎರಡನ್ನೂ ತಿದ್ದಿಕೊಳ್ಳಬಹುದು.

ಅಕಾಡೆಮಿಕ್ ಬರೆಯಬೇಕೇ, ಜನರಲ್ ಟ್ರೈನಿಂಗ್ ಬರೆಯಬೇಕೇ?

ಪದವಿಗೆ, ಸ್ನಾತಕೋತ್ತರಕ್ಕೆ, ಪಿಎಚ್‌ಡಿಗೆ ಅಕಾಡೆಮಿಕ್. ಜನರಲ್ ಟ್ರೈನಿಂಗ್ ಇರುವುದು ಮುಖ್ಯವಾಗಿ ವಲಸೆಗೆ ಮತ್ತು ಕೆಲಸಕ್ಕೆ. ಎರಡರಲ್ಲೂ ಲಿಸನಿಂಗ್, ಸ್ಪೀಕಿಂಗ್ ಒಂದೇ. ರೀಡಿಂಗ್, ರೈಟಿಂಗ್ ಬೇರೆ. ತಪ್ಪಿ ಜನರಲ್ ಬುಕ್ ಮಾಡಿದರೆ ಆ ಅಂಕಪಟ್ಟಿ ಪ್ರವೇಶಕ್ಕೆ ನಡೆಯುವುದಿಲ್ಲ, ಶುಲ್ಕವೂ ಹೋದಂತೆ.

ಬ್ರಿಟನ್‌ಗೆ ಹೋಗುವವರಿಗೆ ‘ಯುಕೆವಿಐ’ ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಪ್ರಶ್ನೆಪತ್ರಿಕೆಯ ಮಟ್ಟ ಅದೇ, ಆದರೆ ಅದು ಅಲ್ಲಿನ ಸರ್ಕಾರ ವೀಸಾಕ್ಕೆಂದು ಒಪ್ಪಿದ ಆವೃತ್ತಿ. ಪದವಿ ಅಥವಾ ಅದಕ್ಕಿಂತ ಮೇಲಿನ ಕೋರ್ಸಾದರೆ ವಿಶ್ವವಿದ್ಯಾಲಯವೇ ಇಂಗ್ಲಿಷ್ ಮಟ್ಟವನ್ನು ನಿರ್ಧರಿಸಬಹುದು, ಆಗ ಸಾಮಾನ್ಯ ಅಕಾಡೆಮಿಕ್ ಸಾಕಾಗುತ್ತದೆ. ಪದವಿಗಿಂತ ಕೆಳಗಿನ ಫೌಂಡೇಶನ್ ಕೋರ್ಸಿಗೆ ಯುಕೆವಿಐ ಕೇಳುತ್ತಾರೆ. ಸಾಮಾನ್ಯ ಪರೀಕ್ಷೆ ಬರೆದ ಮೇಲೆ ಅದನ್ನು ಯುಕೆವಿಐಗೆ ಬದಲಾಯಿಸಲು ಬರುವುದಿಲ್ಲ. ಪ್ರವೇಶ ವಿಭಾಗಕ್ಕೆ ಒಂದು ಇಮೇಲ್ ಬರೆದು ಉತ್ತರ ಬಂದ ಮೇಲೆಯೇ ಹಣ ಕಟ್ಟಿ.

ನನಗೆ ಎಷ್ಟು ಬ್ಯಾಂಡ್ ಬೇಕು?

ವಿಶ್ವವಿದ್ಯಾಲಯದ ಮುಖಪುಟದಲ್ಲಿ ಹುಡುಕಬೇಡಿ. ನಿಮ್ಮ ಕೋರ್ಸಿನ ಪುಟ ತೆರೆಯಿರಿ. ಒಂದೇ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್‌ಗೆ 6.5, ಕಾನೂನಿಗೆ 7.5 ಇರಬಹುದು. ಆಕ್ಸ್‌ಫರ್ಡ್‌ನ ಸ್ನಾತಕೋತ್ತರ ಕೋರ್ಸುಗಳಲ್ಲಿ ಎರಡು ದರ್ಜೆಗಳಿವೆ: ಒಟ್ಟು 7.0 ಮತ್ತು ಪ್ರತಿ ವಿಭಾಗದಲ್ಲಿ ಕನಿಷ್ಠ 6.5; ಅಥವಾ ಒಟ್ಟು 7.5 ಮತ್ತು ಪ್ರತಿ ವಿಭಾಗದಲ್ಲಿ ಕನಿಷ್ಠ 7.0.

ಈ ‘ಪ್ರತಿ ವಿಭಾಗದಲ್ಲಿ ಕನಿಷ್ಠ’ ಎಂಬ ಮಾತೇ ಹೆಚ್ಚು ಜನರಿಗೆ ತೊಡಕಾಗುವುದು. ಒಟ್ಟು 7.5 ಬಂದು ರೈಟಿಂಗ್‌ನಲ್ಲಿ 6.0 ನಿಂತರೆ, ಎಲ್ಲದರಲ್ಲೂ 6.5 ಕೇಳುವ ಕಡೆ ಬಾಗಿಲು ಮುಚ್ಚಿದಂತೆಯೇ. ತಯಾರಿ ಶುರು ಮಾಡುವ ಮುನ್ನ ಐದು ಅಂಕೆಗಳನ್ನು, ಅಂದರೆ ಒಟ್ಟು ಮತ್ತು ನಾಲ್ಕು ವಿಭಾಗಗಳದ್ದನ್ನು, ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿ.

ವೀಸಾದ ಕನಿಷ್ಠ ಅಂಕ ಬೇರೆ ಲೆಕ್ಕ. ಆಸ್ಟ್ರೇಲಿಯಾ 2024ರ ಮಾರ್ಚ್‌ನಲ್ಲಿ ವಿದ್ಯಾರ್ಥಿ ವೀಸಾದ ಮಟ್ಟವನ್ನು 5.5ರಿಂದ 6.0ಕ್ಕೆ ಏರಿಸಿತು. ವೀಸಾ ಮತ್ತು ವಿಶ್ವವಿದ್ಯಾಲಯ, ಎರಡರಲ್ಲಿ ಹೆಚ್ಚಿನದು ಯಾವುದೋ ಅದೇ ನಿಮ್ಮ ಗುರಿ.

ಒಟ್ಟು ಬ್ಯಾಂಡ್ ಹೇಗೆ ಲೆಕ್ಕ ಹಾಕುತ್ತಾರೆ?

ನಾಲ್ಕರ ಸರಾಸರಿ, ಹತ್ತಿರದ ಅರ್ಧ ಬ್ಯಾಂಡಿಗೆ. ಸರಾಸರಿ .25ಕ್ಕೆ ಮುಗಿದರೆ ಮೇಲಿನ ಅರ್ಧಕ್ಕೆ, .75ಕ್ಕೆ ಮುಗಿದರೆ ಮೇಲಿನ ಪೂರ್ಣಕ್ಕೆ ಏರುತ್ತದೆ. 6.5, 6.5, 5.0, 7.0 ಬಂದರೆ ಸರಾಸರಿ 6.25, ಒಟ್ಟು 6.5. ಅದೇ 6.5, 6.5, 5.5, 6.0 ಬಂದರೆ ಸರಾಸರಿ 6.125, ಒಟ್ಟು 6.0.

ಲಿಸನಿಂಗ್ ಮತ್ತು ರೀಡಿಂಗ್‌ನಲ್ಲಿ ತಲಾ 40 ಪ್ರಶ್ನೆ. ಅಕಾಡೆಮಿಕ್‌ನಲ್ಲಿ ಎರಡಕ್ಕೂ ಸುಮಾರು 23 ಸರಿಯಾದರೆ 6, 30 ಸರಿಯಾದರೆ 7, 35 ಸರಿಯಾದರೆ 8. ಪತ್ರಿಕೆಯ ಕಷ್ಟಕ್ಕೆ ತಕ್ಕಂತೆ ಒಂದೆರಡು ಅಂಕ ಅತ್ತಿತ್ತ ಆಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಜಾಗವನ್ನೂ ಖಾಲಿ ಬಿಡಬೇಡಿ.

ನಾನು ಓದಿದ್ದೇ ಇಂಗ್ಲಿಷ್ ಮಾಧ್ಯಮದಲ್ಲಿ. ವಿಟಿಯು ಬಿಇ ಆಗಿದೆ. ಆದರೂ ಪರೀಕ್ಷೆ ಬೇಕೇ?

ಕೆಲವು ವಿಶ್ವವಿದ್ಯಾಲಯಗಳು ಬೋಧನಾ ಮಾಧ್ಯಮ ಇಂಗ್ಲಿಷ್ ಎಂದು ಕಾಲೇಜು ಕೊಡುವ ಪತ್ರವನ್ನು ಒಪ್ಪುತ್ತವೆ, ಹಲವು ಒಪ್ಪುವುದಿಲ್ಲ. ಒಪ್ಪುವ ಕಡೆಯೂ ಸ್ಕಾಲರ್‌ಶಿಪ್‌ಗೆ ಅಥವಾ ವೀಸಾಕ್ಕೆ ಪರೀಕ್ಷೆಯ ಅಂಕ ಕೇಳಬಹುದು. ನಾಲ್ಕೈದು ಕಡೆ ಅರ್ಜಿ ಹಾಕುವವರು ಪರೀಕ್ಷೆ ಬರೆದುಬಿಡುವುದೇ ಮೇಲು.

ಟೋಫೆಲ್, ಪಿಟಿಇ, ಡುಯೊಲಿಂಗೊ ಇವುಗಳಲ್ಲಿ ಯಾವುದು ಸುಲಭ?

ಇವೂ ಇಂಥದೇ ಇಂಗ್ಲಿಷ್ ಪರೀಕ್ಷೆಗಳು. ‘ಸುಲಭ’ ಎಂಬ ಮಾತಿಗಿಂತ ‘ಯಾವುದು ಒಪ್ಪಿಗೆ, ಯಾವುದು ನನಗೆ ಒಗ್ಗುತ್ತದೆ’ ಎಂದು ಕೇಳಿಕೊಳ್ಳಿ. ಐಇಎಲ್‌ಟಿಎಸ್‌ನಲ್ಲಿ ನಿಮ್ಮ ಮಾತು ಕೇಳುವವರು ಮನುಷ್ಯರು, ಎದುರಿಗೆ ಕೂತು ಅಥವಾ ವಿಡಿಯೊ ಕರೆಯಲ್ಲಿ. ಟೋಫೆಲ್, ಪಿಟಿಇಯಲ್ಲಿ ಮೈಕಿಗೆ ಮಾತಾಡಬೇಕು. ಎದುರಿಗೆ ಮುಖ ಕಂಡರೆ ಮಾತು ಬರುವವರಿಗೆ ಮೊದಲನೆಯದು ಹಿತ. ಜನರೆದುರು ನಾಲಿಗೆ ಕಟ್ಟುವವರಿಗೆ ಎರಡನೆಯದು. ಟೋಫೆಲ್‌ನ ಸ್ವರೂಪ 2026ರ ಜನವರಿಯಲ್ಲಿ ಬದಲಾಗಿದೆ, ಅಂಕವನ್ನು 1ರಿಂದ 6ರ ಅಳತೆಯಲ್ಲಿ ಕೊಡುತ್ತಾರೆ. ಹಾಗಾಗಿ ಸೀನಿಯರ್‌ಗಳು ಕೊಟ್ಟ ಹಳೆಯ ಟೋಫೆಲ್ ಪುಸ್ತಕಗಳನ್ನು ನೆಚ್ಚಬೇಡಿ. ಡುಯೊಲಿಂಗೊ ಮನೆಯಿಂದಲೇ ಬರೆಯಬಹುದು, ಖರ್ಚೂ ಕಡಿಮೆ. ಆದರೆ ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾಕ್ಕೆ ಅದು ನಡೆಯದು.

ಎಷ್ಟು ದಿನ ತಯಾರಿ ಬೇಕು? ಯಾವಾಗ ಬುಕ್ ಮಾಡಬೇಕು?

ಮೊದಲು ಪೂರ್ತಿ ಒಂದು ಮಾಕ್ ಟೆಸ್ಟ್ ಬರೆದು ಈಗ ಎಲ್ಲಿದ್ದೀರಿ ನೋಡಿ. ಎ1ರಿಂದ ಸಿ2ರವರೆಗಿನ ಯುರೋಪಿನ ಭಾಷಾ ಮಟ್ಟದ ಅಳತೆಯಲ್ಲಿ ಒಂದು ಮೆಟ್ಟಿಲು ಏರಲು, ಅಂದರೆ ಬಿ1ರಿಂದ ಬಿ2ಕ್ಕೆ, ಸುಮಾರು 200 ಗಂಟೆಗಳ ಕಲಿಕೆ ಬೇಕು ಎಂಬುದು ಇಂಗ್ಲಿಷ್ ಪರೀಕ್ಷೆಗಳನ್ನು ರೂಪಿಸುವ ಕೇಂಬ್ರಿಜ್ ಸಂಸ್ಥೆಯ ಅಂದಾಜು. ಬ್ಯಾಂಡಿನಲ್ಲಿ ಹೇಳುವುದಾದರೆ 4ರಿಂದ 5 ಬಿ1, 5.5ರಿಂದ 6.5 ಬಿ2, 7ರಿಂದ 8 ಸಿ1. ಈಗ 5 ಇದ್ದು 6.5 ಬೇಕಾದವರು ದಿನಕ್ಕೆ ಎರಡು ಗಂಟೆಯಂತೆ ಮೂರು ತಿಂಗಳಿಗೂ ಹೆಚ್ಚು ಎತ್ತಿಡಬೇಕು. ಈಗಲೇ 6.5 ಇದ್ದು 7 ಬೇಕಾದವರಿಗೆ ನಾಲ್ಕರಿಂದ ಆರು ವಾರ ಸಾಕಾಗಬಹುದು. ‘15 ದಿನದಲ್ಲಿ 8 ಬ್ಯಾಂಡ್’ ಎಂಬ ಫಲಕ ಕಂಡರೆ ಮುಂದೆ ನಡೆಯಿರಿ.

ದಿನಾಂಕವನ್ನು ಅರ್ಜಿಯ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ. ಜರ್ಮನಿಯ ಅನೇಕ ವಿಶ್ವವಿದ್ಯಾಲಯಗಳಿಗೆ ಚಳಿಗಾಲದ ಸೆಮಿಸ್ಟರ್‌ನ ಗಡುವು ಜುಲೈ 15. ಆ ದಿನಕ್ಕೆ ಅಂಕಪಟ್ಟಿ ಕೈಯಲ್ಲಿರಬೇಕು, ಒಮ್ಮೆ ತಪ್ಪಿದರೆ ಇನ್ನೊಮ್ಮೆ ಬರೆಯಲು ಎರಡು ತಿಂಗಳಾದರೂ ಉಳಿದಿರಬೇಕು. ಅಂದರೆ ಮೊದಲ ಪ್ರಯತ್ನ ಏಪ್ರಿಲ್ ಹೊತ್ತಿಗೆ. ಹಾಗೆಂದು ತೀರಾ ಬೇಗ ಬರೆಯುವುದೂ ಬೇಡ, ಅಂಕಪಟ್ಟಿಯನ್ನು ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಒಪ್ಪುತ್ತಾರೆ. ಶುಲ್ಕ ಹದಿನೈದು ಸಾವಿರ ರೂಪಾಯಿ ದಾಟಿದೆ. ‘ಹೇಗಿರುತ್ತದೋ ನೋಡೋಣ’ ಎಂದು ಕಟ್ಟುವ ಮೊತ್ತ ಅದಲ್ಲ. ನೋಡುವುದಕ್ಕೆ ಮಾಕ್ ಟೆಸ್ಟ್ ಇದೆ.

ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರಿದೆ. ಯಾವ ಹೆಸರು ಕೊಡಲಿ?

ಪಾಸ್‌ಪೋರ್ಟಿನಲ್ಲಿರುವುದು, ಅಕ್ಷರ ಅಕ್ಷರ ಹಾಗೆಯೇ. ಭಾರತದಲ್ಲಿ ಈ ಪರೀಕ್ಷೆಗೆ ಗುರುತಿನ ದಾಖಲೆ ಪಾಸ್‌ಪೋರ್ಟ್ ಮಾತ್ರ, ಆಧಾರ್ ನಡೆಯುವುದಿಲ್ಲ. ಊರು, ತಂದೆಯ ಹೆಸರಿನ ಮೊದಲಕ್ಷರಗಳನ್ನು ಹೆಸರಿನೊಂದಿಗೆ ಬರೆಯುವ ನಮ್ಮ ಪದ್ಧತಿಯಿಂದಾಗಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಆಗ ನೀವಾಗಿಯೇ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ತುಂಬಬೇಡಿ. ಬುಕ್ ಮಾಡುವ ಮುನ್ನ ಪರೀಕ್ಷಾ ಕೇಂದ್ರವನ್ನು ಕೇಳಿ, ಅವರು ಹೇಳಿದಂತೆ ತುಂಬಿ. ಬುಕ್ ಮಾಡಿದ ಪಾಸ್‌ಪೋರ್ಟನ್ನೇ ಪರೀಕ್ಷೆಗೆ ಒಯ್ಯಬೇಕು. ನಡುವೆ ನವೀಕರಿಸಿದರೆ ಕೂಡಲೇ ಕೇಂದ್ರಕ್ಕೆ ತಿಳಿಸಿ.

ಲಿಸನಿಂಗ್‌ನಲ್ಲಿ ಎಲ್ಲ ಅರ್ಥವಾದರೂ ಅಂಕ ಏಕೆ ಬರುವುದಿಲ್ಲ?

ಸುಮಾರು 30 ನಿಮಿಷ, ನಾಲ್ಕು ಭಾಗ, ಧ್ವನಿ ಒಂದೇ ಸಲ. ಕಂಪ್ಯೂಟರ್‌ನಲ್ಲಿ ಕೊನೆಗೆ ಉತ್ತರ ಸರಿನೋಡಲು 2 ನಿಮಿಷ ಮಾತ್ರ. ಉತ್ತರ ಹಾಳೆಗೆ ನಕಲಿಸಲು ಸಿಗುವ 10 ನಿಮಿಷ ಇರುವುದು ಪೇಪರ್ ಪರೀಕ್ಷೆಯಲ್ಲಿ.

ಮೊದಲ ತೊಡಕು ಬಹುವಚನ. ಕನ್ನಡದಲ್ಲಿ ‘ಹತ್ತು ಪುಸ್ತಕ’, ‘ನಾಲ್ಕು ದಿನ’ ಎಂದರೆ ಸಾಕು, ‘ಗಳು’ ಬೇಕೆಂದಿಲ್ಲ. ಹಾಗಾಗಿ ‘ಬುಕ್ಸ್’ ಎಂದು ಕೇಳಿಸಿದರೂ ಕೈ ‘ಬುಕ್’ ಎಂದು ಬರೆಯುತ್ತದೆ, ಉತ್ತರ ತಪ್ಪಾಗುತ್ತದೆ. ಖಾಲಿ ಜಾಗದ ಹಿಂದೆ ‘ಎ’ ಅಥವಾ ‘ಆ್ಯನ್’ ಇದೆಯೇ, ಮುಂದೆ ‘ಆರ್’ ಇದೆಯೇ ಎಂದು ಧ್ವನಿ ಶುರುವಾಗುವ ಮುನ್ನವೇ ನೋಡಿಕೊಳ್ಳಿ. ಬೇಕಿರುವುದು ಏಕವಚನವೋ ಬಹುವಚನವೋ ಅದೇ ಹೇಳುತ್ತದೆ.

ಎರಡನೆಯದು ಸಂಖ್ಯೆ. ‘ಥರ್ಟೀನ್’ನಲ್ಲಿ ಒತ್ತು ಸಾಮಾನ್ಯವಾಗಿ ಕೊನೆಗೆ, ‘ಥರ್ಟಿ’ಯಲ್ಲಿ ಮೊದಲಿಗೆ. ಫೋನ್ ನಂಬರಿನಲ್ಲಿ ಸೊನ್ನೆಯನ್ನು ‘ಓ’ ಎನ್ನುತ್ತಾರೆ, 33ನ್ನು ‘ಡಬಲ್ ತ್ರೀ’ ಎನ್ನುತ್ತಾರೆ. ಮೂರನೆಯದು ಬೇಕೆಂದೇ ಇಟ್ಟ ಬಲೆ: ಮಾತಾಡುವವರು ಮೊದಲು ‘ಮಂಗಳವಾರ’ ಎಂದು ಹೇಳಿ, ಮರುಕ್ಷಣ ‘ಅಲ್ಲ, ಗುರುವಾರ’ ಎಂದು ತಿದ್ದುತ್ತಾರೆ. ಮೊದಲು ಕಿವಿಗೆ ಬಿದ್ದದ್ದನ್ನು ಬರೆದು ಮುಂದಕ್ಕೆ ಓಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಸ್ಪೆಲ್ಲಿಂಗ್ ತಪ್ಪಿದರೆ ಅಂಕವಿಲ್ಲ. ಬ್ರಿಟಿಷ್, ಅಮೆರಿಕನ್ ಎರಡೂ ಸ್ಪೆಲ್ಲಿಂಗ್ ಸರಿ. ‘ಎರಡು ಪದಕ್ಕಿಂತ ಹೆಚ್ಚು ಬೇಡ’ ಎಂದಿದ್ದಲ್ಲಿ ಮೂರು ಪದ ಬರೆದರೆ ಉತ್ತರ ಸರಿಯಿದ್ದೂ ತಪ್ಪೇ.

ಅಭ್ಯಾಸಕ್ಕೆ ಒಂದು ವಿಧಾನ: ಎರಡು ನಿಮಿಷದ ತುಣುಕನ್ನು ಒಮ್ಮೆ ಕೇಳಿ ಉತ್ತರಿಸಿ, ಆಮೇಲೆ ಅದನ್ನೇ ನಿಲ್ಲಿಸಿ ನಿಲ್ಲಿಸಿ ಪದ ಬಿಡದೆ ಬರೆದುಕೊಳ್ಳಿ, ಕೊನೆಗೆ ಲಿಖಿತ ಪಠ್ಯದೊಂದಿಗೆ ಹೋಲಿಸಿ. ಎಲ್ಲೆಲ್ಲಿ ಪದ ಬಿಟ್ಟುಹೋಗಿದೆಯೋ ಅದೇ ನಿಮ್ಮ ಕಿವಿಯ ತೂತು.

ರೀಡಿಂಗ್‌ನಲ್ಲಿ ‘ಫಾಲ್ಸ್’ ಮತ್ತು ‘ನಾಟ್ ಗಿವನ್’ ನಡುವೆ ಗೊಂದಲ. ಹೇಗೆ ಬಿಡಿಸುವುದು?

ಒಂದು ಹೇಳಿಕೆ ಕೊಟ್ಟು, ಪಠ್ಯದ ಪ್ರಕಾರ ಅದು ಟ್ರೂ, ಫಾಲ್ಸ್, ನಾಟ್ ಗಿವನ್ ಇವುಗಳಲ್ಲಿ ಯಾವುದು ಎಂದು ಕೇಳುವ ಪ್ರಶ್ನೆ ಇದು. ಪಠ್ಯ ಹೇಳಿಕೆಗೆ ವಿರುದ್ಧವಾಗಿ ಮಾತಾಡಿದರೆ ಫಾಲ್ಸ್. ಆ ವಿಷಯದಲ್ಲಿ ಪಠ್ಯ ಬಾಯಿಯನ್ನೇ ಬಿಡದಿದ್ದರೆ ನಾಟ್ ಗಿವನ್.

ಪಠ್ಯದಲ್ಲಿ ಹೀಗಿದೆ ಎನ್ನಿ: ‘ಕಾಫಿ ಗಿಡಕ್ಕೆ ನೆರಳು ಬೇಕು, ಅದಕ್ಕಾಗಿ ಕೊಡಗಿನ ತೋಟಗಳಲ್ಲಿ ಸಿಲ್ವರ್ ಓಕ್ ಮರ ಬೆಳೆಸುತ್ತಾರೆ.’ ‘ಕಾಫಿ ಬಯಲು ಬಿಸಿಲಿನಲ್ಲೇ ಬೆಳೆಯಬೇಕು’ ಎಂಬುದು ಫಾಲ್ಸ್. ‘ಸಿಲ್ವರ್ ಓಕ್ ಮಾರಿ ಬೆಳೆಗಾರರು ಹಣ ಗಳಿಸುತ್ತಾರೆ’ ಎಂಬುದು ನಾಟ್ ಗಿವನ್. ಕೊಡಗಿನ ವಿದ್ಯಾರ್ಥಿಗೆ ಅದು ನಿಜವೆಂದು ಗೊತ್ತಿರುತ್ತದೆ, ಹಾಗಾಗಿ ‘ಟ್ರೂ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ನಿಮಗೆ ಗೊತ್ತಿರುವುದನ್ನೆಲ್ಲ ಬಾಗಿಲ ಹೊರಗೇ ಬಿಟ್ಟು ಒಳಗೆ ಹೋಗಿ. ಉತ್ತರಕ್ಕೆ ಪಠ್ಯದ ಒಂದು ಸಾಲನ್ನು ಬೆರಳಿಟ್ಟು ತೋರಿಸಲು ಆಗದಿದ್ದರೆ ಅದು ನಾಟ್ ಗಿವನ್.

ಮೂರು ಪಠ್ಯಕ್ಕೆ 60 ನಿಮಿಷ, ಹೆಚ್ಚುವರಿ ಸಮಯವಿಲ್ಲ. ಮೂರನೆಯದು ಸಾಮಾನ್ಯವಾಗಿ ಕಠಿಣ, ಆದ್ದರಿಂದ 17, 20, 23 ನಿಮಿಷ ಎಂದು ಹಂಚಿಕೊಳ್ಳಿ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ದಾಟಿದರೆ ಊಹಿಸಿ ಬರೆದು ಮುಂದೆ ಸಾಗಿ.

ರೈಟಿಂಗ್‌ನಲ್ಲಿ ಮೊದಲ ಟಾಸ್ಕ್ ಹೇಗೆ ಬರೆಯಬೇಕು?

ಗ್ರಾಫ್, ಕೋಷ್ಟಕ, ನಕ್ಷೆ ಅಥವಾ ತಯಾರಿಕೆಯ ಹಂತಗಳ ಚಿತ್ರ ಕೊಟ್ಟಿರುತ್ತಾರೆ. ಕನಿಷ್ಠ 150 ಪದ, 20 ನಿಮಿಷ. ಎಲ್ಲಕ್ಕಿಂತ ಮುಖ್ಯ ಓವರ್‌ವ್ಯೂ: ಒಟ್ಟಾರೆ ಏನು ಏರಿತು, ಏನು ಇಳಿಯಿತು, ಯಾವುದು ಎಲ್ಲಕ್ಕಿಂತ ದೊಡ್ಡದು ಎಂದು ಎರಡು ವಾಕ್ಯ. ಅದಿಲ್ಲದೆ ಅಂಕೆಗಳನ್ನು ಸಾಲಾಗಿ ಜೋಡಿಸಿದವರು 5ರ ಆಸುಪಾಸಿನಲ್ಲೇ ಉಳಿಯುತ್ತಾರೆ. ಏರಿಕೆಗೆ ಕಾರಣ ಏನೆಂದು ಊಹಿಸಬೇಡಿ, ಅದನ್ನು ಯಾರೂ ಕೇಳಿಲ್ಲ.

ಲಕ್ಷ, ಕೋಟಿ ಬೇಡ. ನಮ್ಮ 12,00,000 ಅಲ್ಲಿ 1,200,000, ಅಂದರೆ 1.2 ಮಿಲಿಯನ್. ಅಲ್ಪವಿರಾಮದ ಜಾಗವೂ ಬದಲಾಗುವುದನ್ನು ಗಮನಿಸಿ.

ಎರಡನೇ ಟಾಸ್ಕ್‌ಗೆ ಮಾದರಿ ಪ್ರಬಂಧ ಬಾಯಿಪಾಠ ಮಾಡಬಹುದೇ?

ಬೇಡವೇ ಬೇಡ. ಉತ್ತರ ಪೂರ್ತಿ ಬಾಯಿಪಾಠದ್ದೆಂದು ಸಾಬೀತಾದರೆ ಬ್ಯಾಂಡ್ 0 ಎಂದು ಮೌಲ್ಯಮಾಪನದ ನಿಯಮದಲ್ಲೇ ಇದೆ. ‘ಈ ಆಧುನಿಕ ಯುಗದಲ್ಲಿ’ ಎಂಬಂಥ ಸಿದ್ಧ ಸಾಲಿನಿಂದ ಶುರುಮಾಡುವ ಪ್ರಬಂಧಗಳನ್ನು ಪರೀಕ್ಷಕರು ದಿನವಿಡೀ ಓದಿರುತ್ತಾರೆ.

ಈ ಟಾಸ್ಕ್‌ಗೆ ಮೊದಲನೆಯದರ ಎರಡರಷ್ಟು ತೂಕ. ಕನಿಷ್ಠ 250 ಪದ. 270ರಿಂದ 290 ಸಾಕು, 400 ಬರೆದರೆ ತಪ್ಪುಗಳೇ ಹೆಚ್ಚುತ್ತವೆ. 40 ನಿಮಿಷದಲ್ಲಿ 5 ಯೋಚನೆಗೆ, 30 ಬರವಣಿಗೆಗೆ, 5 ತಿದ್ದಲು. ಪ್ರಶ್ನೆ ‘ಎರಡೂ ವಾದ ಚರ್ಚಿಸಿ, ನಿಮ್ಮ ಅಭಿಪ್ರಾಯ ಹೇಳಿ’ ಎಂದರೆ ಅಲ್ಲಿ ಮೂರು ಕೆಲಸಗಳಿವೆ; ಒಂದು ಬಿಟ್ಟರೂ ಅಂಕ ಇಳಿಯುತ್ತದೆ. ಕಂಪ್ಯೂಟರ್‌ನಲ್ಲಿ ಪದಗಳ ಎಣಿಕೆ ತೆರೆಯ ಮೇಲೆ ಕಾಣುತ್ತದೆ, ಸ್ಪೆಲ್ಲಿಂಗ್ ತಿದ್ದುವ ಸೌಲಭ್ಯ ಇಲ್ಲ. ಮನೆಯಲ್ಲೂ ಅದನ್ನು ಆರಿಸಿಟ್ಟೇ ಅಭ್ಯಾಸ ಮಾಡಿ.

ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವಾಗ ಯಾವ ತಪ್ಪುಗಳು ಹೆಚ್ಚು?

ವ್ಯಾಕರಣಕ್ಕೆ ರೈಟಿಂಗ್‌ನ ಕಾಲು ಭಾಗ ಅಂಕ. ಬ್ಯಾಂಡ್ 7ಕ್ಕೆ ತಪ್ಪಿಲ್ಲದ ವಾಕ್ಯಗಳು ಆಗಾಗ ಕಾಣಬೇಕು ಎಂಬುದು ಅಳತೆ. ಅದಕ್ಕೇ ಈ ಪ್ರಶ್ನೆಗೆ ಉದ್ದದ ಉತ್ತರ.

‘ಎರಡು ವರ್ಷದಿಂದ’ ಎಂಬಲ್ಲಿ ನಮ್ಮ ‘ಇಂದ’ ಒಂದೇ ಎಲ್ಲ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಶುರುವಾದ ಗಳಿಗೆಗೆ ‘ಸಿನ್ಸ್’, ಕಾಲದ ಉದ್ದಕ್ಕೆ ‘ಫಾರ್’. ‘ಸಿನ್ಸ್ 2022’ ಸರಿ. ‘ಸಿನ್ಸ್ ಟೂ ಇಯರ್ಸ್’ ತಪ್ಪು, ‘ಫಾರ್ ಟೂ ಇಯರ್ಸ್’ ಆಗಬೇಕು. ‘ಇವತ್ತೇ’ ಎಂಬುದರ ‘ಏ’ ನಮ್ಮನ್ನು ‘ಟುಡೇ ಇಟ್‌ಸೆಲ್ಫ್’ ಎಂದು ಬರೆಸುತ್ತದೆ, ‘ಅಲ್ಲೇ’ ಎಂಬುದು ‘ದೇರ್ ಓನ್ಲಿ’ ಆಗುತ್ತದೆ. ಎರಡನ್ನೂ ಪ್ರಬಂಧದಿಂದ ಅಳಿಸಿ. ‘ಸಣ್ಣ ಸಣ್ಣ ಊರು’ ಕಿವಿಗೆ ಇಂಪು, ‘ಸ್ಮಾಲ್ ಸ್ಮಾಲ್ ಟೌನ್ಸ್’ ನಡೆಯದು.

‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ’ ಎಂಬಲ್ಲಿ ಪ್ರಶ್ನೆ ಹಾಗೇ ಒಳಗೆ ಕೂರುತ್ತದೆ. ಅದನ್ನು ಇಳಿಸಿದರೆ ‘ಐ ಡೋಂಟ್ ನೋ ವೇರ್ ಈಸ್ ಹಿ’ ಆಗುತ್ತದೆ. ಇಂಗ್ಲಿಷಿನಲ್ಲಿ ಒಳಗೆ ಕೂತ ಪ್ರಶ್ನೆಯ ಪದಕ್ರಮ ತಿರುಗಿ ‘ವೇರ್ ಹಿ ಈಸ್’ ಆಗಬೇಕು. ‘ಗೊತ್ತಿದೆ’, ‘ಬೇಕಾಗಿದೆ’ ಎಂಬ ಸ್ಥಿತಿಗಳಿಗೆ ‘ಐ ಆ್ಯಮ್ ನೋಯಿಂಗ್’, ‘ಐ ಆ್ಯಮ್ ವಾಂಟಿಂಗ್’ ಸಲ್ಲದು. ‘ಡಿಸ್ಕಸ್’ ಮುಂದೆ ‘ಅಬೌಟ್’ ಬೇಡ.

ಕನ್ನಡದ ಸೊಗಸು ‘ಹೋಗಿ, ನೋಡಿ, ವಿಚಾರಿಸಿ, ತಂದು’ ಎಂದು ಒಂದೇ ವಾಕ್ಯದಲ್ಲಿ ನಾಲ್ಕು ಕ್ರಿಯೆಗಳನ್ನು ಹೆಣೆಯುವುದು. ಇಂಗ್ಲಿಷಿಗೆ ಬಂದಾಗ ಅದು ‘ಆ್ಯಂಡ್, ಆ್ಯಂಡ್, ಆ್ಯಂಡ್’ ಎಂದು ಸರಪಳಿಯಾಗುತ್ತದೆ. ಎರಡನೇ ‘ಆ್ಯಂಡ್’ ಬಂದಲ್ಲಿ ಪೂರ್ಣವಿರಾಮ ಇಡಿ.

ಎಲ್ಲಕ್ಕಿಂತ ಹಠಮಾರಿ ‘ಎ’ ಮತ್ತು ‘ದ’. ಕನ್ನಡದಲ್ಲಿ ಇವುಗಳ ಜೋಡಿ ಇಲ್ಲ, ಆದ್ದರಿಂದ ಕಿವಿ ಎಚ್ಚರಿಸುವುದಿಲ್ಲ, ಕಣ್ಣಿನಿಂದಲೇ ಹುಡುಕಬೇಕು. ಕೊನೆಯ ಐದು ನಿಮಿಷದಲ್ಲಿ ನಾಮಪದಗಳನ್ನು ಮಾತ್ರ ಒಂದೊಂದಾಗಿ ನೋಡಿ: ಎಣಿಸಬಹುದೇ? ಒಂದೇ ಇದೆಯೇ? ಹಾಗಾದರೆ ಅದರ ಹಿಂದೆ ಏನಾದರೂ ಇರಲೇಬೇಕು.

ಒಂದು ತಪ್ಪಿನ ಪುಸ್ತಕ ಇಡಿ. ವಾರಕ್ಕೆ ಎರಡು ಪ್ರಬಂಧ ಬರೆದು ಗೊತ್ತಿರುವವರಿಂದ ತಿದ್ದಿಸಿ. ಪ್ರತಿ ತಪ್ಪನ್ನೂ ಅದರ ಜಾತಿಯ ಕೆಳಗೆ ದಾಖಲಿಸಿ. ಮೂರು ದಿನ ಬಿಟ್ಟು ಅದೇ ಪ್ರಬಂಧವನ್ನು ನೋಡದೆ ಮತ್ತೆ ಬರೆಯಿರಿ. ಹತ್ತು ಹೊಸ ಪ್ರಬಂಧಗಳಿಗಿಂತ ಎರಡು ಸಲ ಬರೆದ ಐದು ಪ್ರಬಂಧ ಹೆಚ್ಚು ಕಲಿಸುತ್ತವೆ.

ಸ್ಪೀಕಿಂಗ್‌ಗೆ ಬ್ರಿಟಿಷರಂತೆ ಮಾತಾಡಬೇಕೇ?

ಬೇಡ. ಕನ್ನಡದ ಛಾಯೆ ಇದ್ದರೆ ಅಂಕ ಹೋಗುವುದಿಲ್ಲ. ಕೇಳುವವರಿಗೆ ಅರ್ಥವಾಗಲು ಕಷ್ಟವಾದರೆ ಹೋಗುತ್ತದೆ. ಎರವಲು ಉಚ್ಚಾರಣೆ ಎರಡು ನಿಮಿಷದಲ್ಲಿ ಜಾರಿ, ಅದುವರೆಗಿನ ಓಟವನ್ನೂ ಕೆಡಿಸುತ್ತದೆ.

ತಿದ್ದಲೇಬೇಕಾದ್ದು ಕೆಲವೇ. ಪದದ ಮೊದಲ ‘ಎ’, ‘ಒ’ಗಳನ್ನು ನಾವು ‘ಯೆ’, ‘ವೊ’ ಎನ್ನುತ್ತೇವೆ: ‘ಎಗ್’ ‘ಯೆಗ್’ ಆಗುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ. ಪದದ ಕೊನೆಗೆ ‘ಉ’ ಸೇರುತ್ತದೆ: ಬಸ್ಸು, ಬುಕ್ಕು. ನಮ್ಮ ‘ವ’ ಒಂದೇ, ಇಂಗ್ಲಿಷಿನಲ್ಲಿ ಎರಡು: ‘ವೈನ್’ ಎಂದರೆ ಬಳ್ಳಿಯೂ ಹೌದು, ದ್ರಾಕ್ಷಾರಸವೂ ಹೌದು. ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ದ್ರಾಕ್ಷಾರಸಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು. ಕನ್ನಡಿ ಹಿಡಿದು ಅಭ್ಯಾಸ ಮಾಡಿ. ಇನ್ನು ಪದದ ಒತ್ತು: ಕನ್ನಡದ ಅಕ್ಷರಗಳು ಹೆಚ್ಚುಕಡಿಮೆ ಸಮನಾಗಿ ನಡೆಯುತ್ತವೆ, ಇಂಗ್ಲಿಷಿನಲ್ಲಿ ಒಂದು ಏರುತ್ತದೆ, ಉಳಿದವು ತಗ್ಗುತ್ತವೆ. ‘ಹೋಟೆಲ್’ನಲ್ಲಿ ಒತ್ತು ಎರಡನೆಯದಕ್ಕೆ, ‘ಡೆವಲಪ್’ನಲ್ಲಿ ನಡುವಿನದಕ್ಕೆ.

ವಿಷಯ ಬರೆದ ಕಾರ್ಡ್ ಕೊಟ್ಟು ಎರಡು ನಿಮಿಷ ಮಾತಾಡಿ ಎಂದಾಗ ಮಾತೇ ಹೊರಡದಿದ್ದರೆ?

ಒಟ್ಟು 11ರಿಂದ 14 ನಿಮಿಷದ ಸಂದರ್ಶನದ ನಡುವಿನ ಭಾಗ ಇದು. ತಯಾರಿಗೆ ಒಂದು ನಿಮಿಷ, ಮಾತಿಗೆ ಒಂದರಿಂದ ಎರಡು ನಿಮಿಷ. ಆ ಒಂದು ನಿಮಿಷದಲ್ಲಿ ವಾಕ್ಯ ಬರೆಯಬೇಡಿ, ಏಳೆಂಟು ಪದ ಗೀಚಿಕೊಳ್ಳಿ. ನಿಜವಾಗಿ ಕಂಡದ್ದನ್ನೇ ಹೇಳಿ: ನಿಮ್ಮೂರ ಜಾತ್ರೆ, ಅಜ್ಜಿಯ ಮನೆಯ ಹಿತ್ತಿಲು. ಕಲ್ಪಿಸಿದ ಪ್ಯಾರಿಸ್‌ಗೆ ವಿವರ ಸಿಗದೆ ಮಾತು ಮೂವತ್ತು ಸೆಕೆಂಡಿನಲ್ಲಿ ಬತ್ತುತ್ತದೆ. ‘ಜಾತ್ರೆ’, ‘ರೊಟ್ಟಿ’ ಎಂದು ಕನ್ನಡ ಪದ ಬಳಸಿ ಅರ್ಧ ವಾಕ್ಯದಲ್ಲಿ ವಿವರಿಸಿದರೆ ತಪ್ಪಿಲ್ಲ. ಪರೀಕ್ಷಕರು ಮಧ್ಯೆ ನಿಲ್ಲಿಸಿದರೆ ಸಮಯ ಮುಗಿಯಿತೆಂದಷ್ಟೇ ಅರ್ಥ. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಿ ಎಂದು ಕೇಳಬಹುದು. ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಎಂದು ಯಾರೂ ಅಳೆಯುವುದಿಲ್ಲ.

ಕೋಚಿಂಗ್ ಬೇಕೇ?

ಲಿಸನಿಂಗ್, ರೀಡಿಂಗ್‌ಗೆ ಬೇಡ. ಅಧಿಕೃತ ಮಾದರಿ ಪತ್ರಿಕೆ ಮತ್ತು ಗಡಿಯಾರ ಸಾಕು. ರೈಟಿಂಗ್ ತಿದ್ದಿ ಕಾರಣ ಹೇಳುವವರು, ಸ್ಪೀಕಿಂಗ್‌ಗೆ ಎದುರು ಕೂರುವವರು ಬೇಕು. ಸೇರುವ ಮುನ್ನ, ತಿದ್ದಿದ ಒಂದು ಪ್ರಬಂಧ ತೋರಿಸಿ ಎಂದು ಕೇಳಿ. ಬರೀ ‘ಗುಡ್, 6.5’ ಎಂದಿದ್ದರೆ ಹಣ ಉಳಿಸಿಕೊಳ್ಳಿ.

ಪರೀಕ್ಷೆಯ ದಿನ ಏನು ಒಯ್ಯಬೇಕು?

ಮೂಲ ಪಾಸ್‌ಪೋರ್ಟ್, ಲೇಬಲ್ ಇಲ್ಲದ ಪಾರದರ್ಶಕ ಬಾಟಲಿಯಲ್ಲಿ ನೀರು. ಕೈಗಡಿಯಾರ, ಫೋನ್ ಒಳಗಿಲ್ಲ. ಲಿಸನಿಂಗ್, ರೀಡಿಂಗ್, ರೈಟಿಂಗ್ ನಡುವೆ ವಿರಾಮವಿಲ್ಲ. ಸ್ಪೀಕಿಂಗ್ ಬೇರೆ ದಿನ ಬೀಳಬಹುದು, ಬುಕಿಂಗ್ ಇಮೇಲನ್ನು ಮತ್ತೊಮ್ಮೆ ಓದಿ. ಕೇಂದ್ರ ಬೇರೆ ಊರಿನಲ್ಲಿದ್ದರೆ ಹಿಂದಿನ ಸಂಜೆಯೇ ತಲುಪಿ. ರಾತ್ರಿ ಬಸ್ಸಿನಿಂದ ಇಳಿದು ನೇರ ಹೆಡ್‌ಫೋನ್ ಹಾಕಿಕೊಳ್ಳುವುದು ಬೇಡ.

ಅರ್ಧ ಬ್ಯಾಂಡ್ ಕಡಿಮೆ ಬಂತು. ಈಗೇನು?

ಮೂರು ದಾರಿ. ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಮರುಮೌಲ್ಯಮಾಪನ ಕೇಳಬಹುದು. ಅಂಕ ಏರಿದರೆ ಶುಲ್ಕ ವಾಪಸ್. ಲಿಸನಿಂಗ್, ರೀಡಿಂಗ್‌ನಲ್ಲಿ ಉತ್ತರ ಸರಿ ಅಥವಾ ತಪ್ಪು ಎರಡೇ ಆದ್ದರಿಂದ ಬದಲಾವಣೆಯ ಆಸೆ ಕಡಿಮೆ ಇರಲಿ. ರೈಟಿಂಗ್ ನಿಮ್ಮ ಮಾಕ್ ಟೆಸ್ಟ್‌ಗಳಿಗಿಂತ ಒಂದು ಬ್ಯಾಂಡ್ ಕೆಳಗೆ ಬಿದ್ದಿದ್ದರೆ ಕೇಳುವುದು ಸರಿ.

ಕಂಪ್ಯೂಟರ್‌ನಲ್ಲಿ ಬರೆದವರು 60 ದಿನದೊಳಗೆ ಒಂದೇ ವಿಭಾಗವನ್ನು ಮತ್ತೆ ಬರೆಯಬಹುದು, ಅದಕ್ಕೆ ಒನ್ ಸ್ಕಿಲ್ ರೀಟೇಕ್ ಎಂದು ಹೆಸರು. ಉಳಿದ ಮೂರರ ಅಂಕ ಹಾಗೇ ಉಳಿದು ಹೊಸ ಅಂಕಪಟ್ಟಿ ಬರುತ್ತದೆ. ಎಲ್ಲ ವಿಶ್ವವಿದ್ಯಾಲಯಗಳೂ ಇದನ್ನು ಒಪ್ಪುವುದಿಲ್ಲ, ಕೇಳಿ ಮುಂದುವರಿಯಿರಿ.

ಮೂರನೆಯದು ಪೂರ್ತಿ ಪರೀಕ್ಷೆ ಮತ್ತೆ ಬರೆಯುವುದು. ಎಷ್ಟು ಸಲ ಎಂಬ ಮಿತಿ ಇಲ್ಲ. ಆದರೆ ಮರುವಾರವೇ ಬುಕ್ ಮಾಡಿದರೆ ಅದೇ ಅಂಕ ಬರುವ ಸಂಭವವೇ ಹೆಚ್ಚು. ನಡುವೆ ಆರು ವಾರವಾದರೂ ಇರಲಿ. ಅಷ್ಟರಲ್ಲಿ ಗಡುವು ಬಂದರೆ ವಿಶ್ವವಿದ್ಯಾಲಯಕ್ಕೆ ಬರೆದು, ಇಂಗ್ಲಿಷ್ ಅಂಕವನ್ನು ಆಮೇಲೆ ಸಲ್ಲಿಸುವ ಷರತ್ತಿನ ಮೇಲೆ ಪ್ರವೇಶ ಕೊಡುತ್ತಾರೆಯೇ ಎಂದು ಕೇಳಿ. ಬ್ರಿಟನ್, ಆಸ್ಟ್ರೇಲಿಯಾದ ಅನೇಕ ವಿಶ್ವವಿದ್ಯಾಲಯಗಳು ಕೊಡುತ್ತವೆ. ಕೆಲವು ಕಡೆ ಕೋರ್ಸಿಗೆ ಮುನ್ನ ಕೆಲವು ವಾರಗಳ ಇಂಗ್ಲಿಷ್ ತರಗತಿಗೆ ಸೇರಿಸಿಕೊಳ್ಳುತ್ತವೆ. ಆ ಇಮೇಲನ್ನು ಫಲಿತಾಂಶ ಬಂದ ದಿನವೇ ಕಳಿಸಿ.